ಏಣಿ ಮಲಗಿಸುವ ಮರ್ಡೋಕ್‌ಗೆ

ಕೇಪ್ ಬ್ರೆಟನ್,
ಅದೇ ಮನೆ, ಅದೇ ಅಡುಗೆಮನೆಯ ಮೇಜು
8 ಆಗಸ್ಟ್ 1993, ಭಾನುವಾರ

ಪ್ರೀತಿಯ ಮರ್ಡೋಕ್,

‘ಪ್ರೀತಿಯ’ ಎಂದು ಬರೆಯಲೋ ಬೇಡವೋ ಎಂದು ಯೋಚಿಸುತ್ತ ಕೂತು ಒಂದು ಕಪ್ ಚಹಾ ಆರಿಹೋಯಿತು. ಕೊನೆಗೆ, ಕಾಗದಕ್ಕೇನು ನಾಚಿಕೆ ಎಂದು ಬರೆದೇಬಿಟ್ಟೆ. ಓದುವಾಗ ಆ ಮಾತು ನಿನಗೆ ಚುಚ್ಚಿದರೆ ಮುಂದಿನ ಸಾಲಿಗೆ ದಾಟಿಬಿಡು.

ನಾವಿಬ್ಬರೂ ಪತ್ರ ಬರೆಯುವ ಜಾತಿಯವರಲ್ಲ. ನೀನು ಮನೆ ಬಿಟ್ಟು ಪಶ್ಚಿಮಕ್ಕೆ, ಅಲ್ಬರ್ಟಾಗೆ ಹೋಗಿ ಆರು ವರ್ಷ ಒಂಬತ್ತು ತಿಂಗಳಾಯಿತು. ಇಷ್ಟರಲ್ಲಿ ನಿನ್ನಿಂದ ಏಳು ಕ್ರಿಸ್‌ಮಸ್ ಕಾರ್ಡು ಬಂದಿವೆ, ಏಳರಲ್ಲೂ ಹವಾಮಾನವೇ. ‘ಇಲ್ಲಿ ಮೈನಸ್ ಮೂವತ್ತೆಂಟು. ಮರ್ಡೋಕ್.’ ಅಲ್ಲಿನ ಚಳಿಯ ಬಗ್ಗೆ ಈ ಮನೆಯಲ್ಲಿ ಗೊತ್ತಿರುವಷ್ಟು ರೇಡಿಯೋದವರಿಗೂ ಗೊತ್ತಿರಲಿಕ್ಕಿಲ್ಲ. ನಾನೂ ಕಡಿಮೆಯೇನಲ್ಲ. ಮಗಳ ಸುದ್ದಿ ಎರಡು ಸಾಲು, ಚಾವಣಿ ಸೋರುವ ಸುದ್ದಿ ಒಂದು ಸಾಲು, ಕೆಳಗೆ ಎಫಿ. ಗಂಡ ಹೆಂಡತಿ ಇಬ್ಬರೂ ಸೇರಿ ಏಳು ವರ್ಷದಲ್ಲಿ ಒಂದು ಪುಟ ತುಂಬಿಸಿಲ್ಲ.

ಮೊದಲು ಮಗಳ ಸುದ್ದಿ. ಮೋರಗ್‌ಗೆ ಮಾರ್ಚಿನಲ್ಲಿ ಇಪ್ಪತ್ತನಾಲ್ಕು ತುಂಬಿತು. ನ್ಯೂಫೌಂಡ್‌ಲ್ಯಾಂಡ್‌ಗೆ ಹೋಗುವ ಹಡಗಿನ ಅಡುಗೆಮನೆಯಲ್ಲಿ ಈಗ ಅವಳದೇ ದರ್ಬಾರು. ಅಲೆ ಎದ್ದ ದಿನ ಇಡೀ ಹಡಗು ವಾಂತಿ ಮಾಡುತ್ತಿದ್ದರೂ ಇವಳು ಒಲೆಯ ಮುಂದೆ ನಿಂತು ಮೀನಿನ ವಡೆ ಕರಿಯುತ್ತಿರುತ್ತಾಳಂತೆ. ಆ ಗಟ್ಟಿ ಹೊಟ್ಟೆ ನಿಮ್ಮ ಕಡೆಯಿಂದ ಬಂದದ್ದು, ಬಾಯಿ ಮಾತ್ರ ನನ್ನದು. ಪ್ರತಿ ವರ್ಷ ಎದೆಯ ಎಕ್ಸ್‌ರೇ ತೆಗೆಸುತ್ತಾಳೆ. ನಾನೇ ಕೈ ಹಿಡಿದು ಎಳೆದುಕೊಂಡು ಹೋಗುತ್ತೇನೆ. ಏನೂ ಇಲ್ಲ, ಸ್ವಚ್ಛವಾಗಿದೆ ಎಂದರು ಈ ಸಲವೂ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ, ಏಕೆಂದರೆ ಆ ಏಳು ಕಾರ್ಡುಗಳಲ್ಲಿ ನೀನು ಕೇಳಬೇಕೆಂದುಕೊಂಡು ಕೇಳದೆ ಬಿಟ್ಟದ್ದು ಇದೊಂದೇ ಎಂದು ನನಗೆ ಗೊತ್ತು.

ಇನ್ನು ನನ್ನ ಸುದ್ದಿ. ಮೀನು ಕಾರ್ಖಾನೆ ಮುಚ್ಚಿದ ಮೇಲೆ ಬೇರೆ ಕೆಲಸ ಸಿಕ್ಕಿತು ಎಂದಷ್ಟೇ ನಿನಗೆ ತಿಳಿಸಿದ್ದೆ, ಎಂಥ ಕೆಲಸ ಎಂದು ಬರೆದಿರಲಿಲ್ಲ. ಈಗ ಬರೆಯುತ್ತೇನೆ, ಕೂತುಕೊಂಡು ಓದು. ನಾನು ಕಲ್ನಾರಿನ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಪೈಪಿಗೆ, ಬಾಯ್ಲರಿಗೆ, ತೊಲೆಗಳಿಗೆ ಆ ಕಾಲದಲ್ಲಿ ನೀವೆಲ್ಲ ಮೆತ್ತಿದ ಆಸ್ಬೆಸ್ಟಾಸ್ ಎಲ್ಲೆಲ್ಲಿದೆ ಎಂದು ಹುಡುಕಿಕೊಂಡು ಹೋಗಿ, ಅದರ ನಾರು ಗಾಳಿಗೆ ಬರದ ಹಾಗೆ ಮೇಲೆ ಲೇಪ ಸಿಂಪಡಿಸಿ ಮುಚ್ಚುತ್ತೇವೆ. ಸ್ಪ್ರೇ ಗನ್ ನನ್ನ ಕೈಯಲ್ಲಿ. ಪಂಪು ಯಾರ ಕೈಯಲ್ಲಿ ಗೊತ್ತೇ? ನಿನ್ನ ಹಳೆಯ ಜೊತೆಗಾರ ಡೂಗಲ್ಡ್. ಆಗ ನಿನ್ನ ಪಕ್ಕ ನಿಂತು ಗಾರೆ ಕಲಸುತ್ತಿದ್ದವನು ಈಗ ನನ್ನ ಹಿಂದೆ ನಿಂತು ಲೇಪ ಕಲಸುತ್ತಾನೆ. ಚಹಾ ಕುಡಿಯುವುದೂ, ಗೊಣಗುವುದೂ ಒಂದಿಷ್ಟೂ ಕಡಿಮೆಯಾಗಿಲ್ಲ.

ಊರವರಿಗೆ ಇದಕ್ಕಿಂತ ತಮಾಷೆ ಬೇಕೆ? ಚರ್ಚಿನ ಹಾಲಿನಲ್ಲಿ ಬಿಂಗೋ ಆಡುವಾಗ ಎದುರು ಮನೆಯ ಸೇಡಿ ಎಲ್ಲರಿಗೂ ಕೇಳುವ ಹಾಗೆ ಅಂದಳು, “ಏನ್ ಎಫಿ, ಗಂಡ ಮಾಡಿಟ್ಟು ಹೋಗಿದ್ನೆಲ್ಲ ಈಗ ನೀನು ಬಳೀತಾ ಇದೀಯಂತೆ?”

“ಹೂಂ ಕಣೇ,” ಅಂದೆ. “ನಿನ್ ಗಂಡ ಮಾಡಿಟ್ಟಿದ್ದನ್ನೂ ಬಳಿಯೋಣ ಅಂದ್ಕೊಂಡೆ. ಅಷ್ಟು ಬಣ್ಣ ಎಲ್ಲೂ ಸಿಗ್ಲಿಲ್ಲ.”

ಅವಳು ಎರಡು ವಾರ ನನ್ನ ಮನೆಗೆ ಚಹಾಕ್ಕೆ ಬರಲಿಲ್ಲ. ಮೂರನೆಯ ವಾರ ಏನೂ ಆಗದವಳ ಹಾಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಕೂತಳು. ಅವಳಿಗೆ ನಾನು ಬಾಯಿ ಮಾಡಿದ್ದೇನೋ ಸರಿ. ಮನೆಗೆ ಬಂದು ಮಾತ್ರ ನಿನ್ನ ಕುರ್ಚಿಯ ಎದುರು ಕೂತು ಅತ್ತೆ.

ನಮ್ಮ ಕೆಲಸ ನೋಡಿದರೆ ನಿನಗೆ ನಗು ಬಂದೀತು. ಬರಿಗೈಯಲ್ಲಿ ಹಿಡಿದು ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎಸೆದು ಆಡುತ್ತಿದ್ದವರು ನೀವು. ಈಗ ಅದರ ಹತ್ತಿರ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೆ ಬಿಳಿ ಕಾಗದದ ಉಡುಪು, ಮುಖಕ್ಕೆ ಪೂರ್ತಿ ಮುಖವಾಡ, ಸುತ್ತ ಪ್ಲಾಸ್ಟಿಕ್ ಪರದೆ, ಆಚೆ ಬಂದ ಕೂಡಲೇ ಸ್ನಾನ. ಮುಖವಾಡ ಹಾಕಿದ ಮೇಲೆ ಮಾತಿಲ್ಲ, ಕೈಸನ್ನೆಯೇ. ಅಳುವ ಹಾಗೂ ಇಲ್ಲ. ಅತ್ತರೆ ಗಾಜು ಮಂಜಾಗುತ್ತದೆ, ಒರೆಸಲು ಒಳಗೆ ಕೈ ಹಾಕುವಂತಿಲ್ಲ. ಇದು ನನಗೆ ಹೇಗೆ ಗೊತ್ತಾಯಿತು ಎಂದು ಮುಂದೆ ಹೇಳುತ್ತೇನೆ.

ಲೇಪ ಕೊಡುವುದಕ್ಕೂ ಒಂದು ಹದವಿದೆ. ಒಮ್ಮೆಲೇ ಜೋರಾಗಿ ಹೊಡೆದರೆ ಆ ರಭಸಕ್ಕೇ ನಾರು ಕಿತ್ತು ಏಳುತ್ತದೆ. ಮೊದಲು ದೂರದಲ್ಲಿ ನಿಂತು ಇಬ್ಬನಿಯ ಹಾಗೆ ಒಂದು ಸುತ್ತು, ಅದು ಹಿಡಿದುಕೊಂಡ ಮೇಲೆ ಹತ್ತಿರ ಹೋಗಿ ದಪ್ಪನಾಗಿ. ಮೊದಲ ಕೋಟ್ ನೀಲಿ, ಎರಡನೆಯದು ಬಿಳಿ. ಬೇರೆ ಬೇರೆ ಬಣ್ಣ ಯಾಕೆಂದರೆ ಬಿಳಿಯ ಕೆಳಗೆ ಎಲ್ಲಿ ನೀಲಿ ಇಣುಕಿತೋ ಅಲ್ಲಿ ಕೈ ಸೋತಿದೆ ಎಂದು ಅರ್ಥ. ತಪಾಸಣೆಗೆ ಬರುವ ಪೆಟಿಪಾ ಎಂಬ ಮನುಷ್ಯ ಟಾರ್ಚು ಹಿಡಿದು ಆ ನೀಲಿಯನ್ನೇ ಹುಡುಕುತ್ತಾನೆ. ನನ್ನ ಕೆಲಸದಲ್ಲಿ ಅವನಿಗೆ ಇವತ್ತಿನವರೆಗೆ ಒಂದು ಉಗುರಿನಷ್ಟು ನೀಲಿ ಸಿಕ್ಕಿಲ್ಲ. ಹೊಗಳಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡ. ಹೊಗಳಿಕೊಳ್ಳುತ್ತಿದ್ದೇನೆ, ನಿಜ. ಮನೆಯಲ್ಲಿ ಹೊಗಳುವವರು ಬೇರೆ ಯಾರಿದ್ದಾರೆ?

ಇಷ್ಟೆಲ್ಲ ಸುತ್ತಿ ಬಳಸಿ ಬಂದದ್ದು ಒಂದು ಮಾತು ಹೇಳಲು. ಈ ಬೇಸಿಗೆಯಲ್ಲಿ ನಮಗೆ ಬಂದಿರುವ ಕೆಲಸ ಗುಡ್ಡದ ಮೇಲಿನ ಶಾಲೆಯದು. ಶಾಲೆಯ ಕೆಳಗಿನ ಪೈಪಿನ ಸುರಂಗ. ನಿನ್ನ ಸುರಂಗ.

ಓದುವುದನ್ನು ನಿಲ್ಲಿಸಬೇಡ, ಮರ್ಡೋಕ್. ನಿನ್ನ ಕೈ ಪತ್ರ ಮಡಚಿ ಜೇಬಿಗೆ ಹಾಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೊರಗೆ ತೆಗೆ.

ಜೂನ್ ಕೊನೆಗೆ ಮಕ್ಕಳಿಗೆ ರಜೆ ಕೊಟ್ಟ ಮರುದಿನ ಒಳಗೆ ಹೋದೆವು. ಪೂರ್ವದ ಕಡೆಯ ಸುರಂಗ ಬೇರೆಯವರು ಮಾಡಿದ್ದು, ನಿನಗೆ ನೆನಪಿರಬೇಕು, ನೀವು ನಗುತ್ತಿದ್ದಿರಿ ಅವರ ಕೆಲಸ ನೋಡಿ. ಅದೆಲ್ಲ ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ನೇತಾಡುತ್ತಿತ್ತು. ಅದಕ್ಕೆ ಲೇಪ ಹಿಡಿಯುವುದಿಲ್ಲ ಎಂದು ಪೂರ್ತಿ ಕಿತ್ತು ಚೀಲಕ್ಕೆ ತುಂಬಿ ಹೂಳಲು ಕಳಿಸಬೇಕಾಯಿತು. ಪಶ್ಚಿಮದ ಕಡೆಯದು ನೀನೂ ಡೂಗಲ್ಡ್‌ನೂ ಮಾಡಿದ್ದು. ಪೆಟಿಪಾ ಪ್ರತಿ ಅಡಿಗೂ, ಪೈಪು ಬಾಗುವ ಪ್ರತಿ ಎಲ್ಬೋಗೂ ಬೆರಳಿನಿಂದ ತಟ್ಟಿ ನೋಡುತ್ತ ಹೋದ. ಆ ಕೊನೆಯಿಂದ ವಾಪಸ್ ಬಂದು ಮುಖವಾಡ ತೆಗೆದ ಮೇಲೆ ಕೇಳಿದ, “ಈ ಎಲ್ಬೋಗಳನ್ನ ಯಾರ್ ಮಾಡಿದ್ದು?”

ಡೂಗಲ್ಡ್ ನನ್ನ ಕಡೆ ಬೆರಳು ತೋರಿಸಿ, “ಇವಳ ಗಂಡ” ಅಂದ.

“ಇಪ್ಪತ್ತೊಂದು ವರ್ಷ ಆಗಿದೆ. ಒಂದ್ ಕೂದ್ಲಷ್ಟು ಬಿರುಕಿಲ್ಲ. ಇದನ್ನ ಕೀಳೋದು ಬೇಡ, ಹಾಗೇ ಕೋಟ್ ಹೊಡೀರಿ,” ಎಂದು ಬರೆದುಕೊಂಡ ಪೆಟಿಪಾ.

ನೀನು ಮುಟ್ಟಿದ್ದು ಗಟ್ಟಿಯಾಗಿತ್ತು ಎಂಬ ಒಂದೇ ಕಾರಣಕ್ಕೆ ಅದು ಉಳಿಯಿತು. ಶಾಲೆಯ ಗಾಳಿಯನ್ನು ಎಂಬತ್ತಾರರಲ್ಲೂ ಪರೀಕ್ಷೆ ಮಾಡಿದ್ದರು, ಈಗಲೂ ಮಾಡಿದರು. ನಿನ್ನ ಕಡೆಯ ಸುರಂಗದ ಮೇಲಿನ ಕೋಣೆಗಳಲ್ಲಿ ಏನೂ ಸಿಗಲಿಲ್ಲ. ಈ ಒಂದು ಸಾಲನ್ನು ನಿನಗೆ ಮುಟ್ಟಿಸಲು ನನಗೆ ಐದು ವಾರ ಬೇಕಾಯಿತು.

ನೇರ ಪೈಪಿಗೆ ಅಚ್ಚಿನ ತುಂಡು ಬರುತ್ತಿತ್ತು, ಯಾರು ಮಾಡಿದರೂ ಒಂದೇ. ಎಲ್ಬೋಗೆ ಮಾತ್ರ ಕೈಯಿಂದಲೇ ಗಾರೆ ಮೆತ್ತಿ ತಿದ್ದಬೇಕು. ಯಾರ ಎಲ್ಬೋ ಯಾರದೆಂದು ಗೊತ್ತಾಗುವುದು ಅಲ್ಲೇ ಎಂದು ನೀನೇ ಹೇಳುತ್ತಿದ್ದೆ. ಲಾಬ್‌ಸ್ಟರ್ ದೋಣಿಯ ಹಗ್ಗಕ್ಕೆ ಸಿಕ್ಕಿ ತುದಿ ಕಳೆದುಕೊಂಡ ನಿನ್ನ ಎಡ ಹೆಬ್ಬೆರಳು, ಕೊನೆಯ ಸವರು ಸವರಿ ಎತ್ತಿದ ಕಡೆ ಮೊಂಡಾದ ಒಂದು ಗುಳಿ ಬಿಡುತ್ತಿತ್ತು. ಅರವತ್ತಮೂರು ಎಲ್ಬೋಗಳಲ್ಲಿ ಐವತ್ತೊಂದರಲ್ಲಿ ಆ ಗುಳಿ ಇದೆ. ಗನ್ ಎತ್ತುವ ಮೊದಲು ಪ್ರತಿ ಗುಳಿಯಲ್ಲೂ ನನ್ನ ಕೈಗವಸಿನ ಹೆಬ್ಬೆರಳು ಇಟ್ಟು ನೋಡಿದೆ. ಡೂಗಲ್ಡ್ ಮೊದಲು ಕೈಸನ್ನೆಯಲ್ಲಿ ಬೇಗ ಬೇಗ ಎಂದ, ಆಮೇಲೆ ಪಂಪಿಗೆ ಒರಗಿ ಕಾದ. ನಂತರ ನೀಲಿ, ನಂತರ ಬಿಳಿ. ಹೀಗೆ ದಿನಕ್ಕೆ ನಾಲ್ಕು, ಐದು. ನಿನ್ನನ್ನು ಇಷ್ಟು ಹತ್ತಿರದಿಂದ ಮುಟ್ಟಿ ಏಳು ವರ್ಷವಾಗಿತ್ತು. ಇದನ್ನು ಓದಿ ನಗುವುದಾದರೆ ನಗು, ನನಗೆ ಸಂಜೆ ಮನೆಗೆ ಬರುವುದೇ ಬೇಡವಾಗುತ್ತಿತ್ತು.

ಮನೆಯಲ್ಲಿ ಏನಿದೆ ಎಂದು ಕೇಳು. ಬೆಳಿಗ್ಗೆ ಇವತ್ತಿಗೂ ಚಹಾ ಇಬ್ಬರಿಗಾಗುವಷ್ಟು ಹಾಕುತ್ತೇನೆ. ಅಳತೆ ಮರೆತು ಅಲ್ಲ, ಒಬ್ಬಳಿಗೆ ಹಾಕಲು ಕೈ ಬರುವುದಿಲ್ಲ. ಓಟ್ಸ್ ರೊಟ್ಟಿ ಸುಟ್ಟರೆ ನಿನಗೆ ಇಷ್ಟವಾದ ಕರಕಲು ಅಂಚಿನದನ್ನು ತಟ್ಟೆಯ ಆ ಕಡೆಗೆ ತಳ್ಳುತ್ತೇನೆ, ಆಮೇಲೆ ನಾನೇ ತಿನ್ನುತ್ತೇನೆ. ಬಾಗಿಲ ಹಿಂದೆ ನಿನ್ನ ರಬ್ಬರ್ ಬೂಟು ಇದೆ. ಸೇಡಿ ಒಮ್ಮೆ ಅದನ್ನು ಚರ್ಚಿನ ದಾನಕ್ಕೆ ಕೊಡು ಎಂದಳು. ಅದು ತೂತು ಬಿದ್ದಿದೆ ಎಂದು ಸುಳ್ಳು ಹೇಳಿದೆ. ಅಂಥ ಸಣ್ಣ ಸುಳ್ಳು ನನಗೆ ನೀರು ಕುಡಿದಷ್ಟು ಸುಲಭ ಎಂದು ನಿನಗೆ ಗೊತ್ತಿಲ್ಲ. ಗೊತ್ತಾಗಲಿ ಎಂದೇ ಈ ಪತ್ರ.

ಕಳೆದ ಮಂಗಳವಾರ ಸುರಂಗದ ಕೊನೆಯ ತಿರುವಿಗೆ ಬಂದೆವು. ಮೆಟ್ಟಿಲಿನ ಹಿಂದಿನ ಮೂಲೆ, ಯಾರು ನೋಡುತ್ತಾರೆ ಎಂದು ನೀವು ಕೊನೆಯ ಸವರನ್ನೂ ಕೊಡದೆ ಬಿಟ್ಟ ಜಾಗ. ಏಣಿ ಹಾಕಿ ಮೂರು ಮೆಟ್ಟಿಲು ಹತ್ತಿದೆ. ಟಾರ್ಚು ಎತ್ತಿದೆ. ಎಲ್ಬೋದ ಬೆನ್ನಿನ ಮೇಲೆ ಐದು ಬೆರಳಿನ ಒಂದು ಪುಟ್ಟ ಕೈ.

ಅದು ಅಲ್ಲಿದೆ ಎಂದು ಗೊತ್ತಿದ್ದೇ ಹತ್ತಿದ್ದೆ. ನನ್ನ ಅಂಗೈ ಮಧ್ಯದಲ್ಲಿ ಪೂರ್ತಿ ಕೂರುವಷ್ಟು ಚಿಕ್ಕದು, ಮರ್ಡೋಕ್. ಕಿರುಬೆರಳು ಬಟಾಣಿಯಷ್ಟು. ಅತ್ತರೆ ಗಾಜು ಮಂಜಾಗುತ್ತದೆ ಎಂದೆನಲ್ಲ, ಅದು ಆಗಲೇ. ಏನೂ ಕಾಣದೆ ಏಣಿಯ ಮೇಲೆ ಹಾಗೇ ನಿಂತೆ. ಕೊಳವೆ ಕಟ್ಟಿಕೊಂಡಿತು ಎಂದುಕೊಂಡು ಡೂಗಲ್ಡ್ ಪಂಪು ನಿಲ್ಲಿಸಿ ಬಂದ. ನಾನು ಕೈಸನ್ನೆಯಲ್ಲೇ ಹೋಗು ಎಂದೆ.

ಈಗ ಕೇಳು. ಇಬ್ಬನಿಯ ಸುತ್ತು ಮುಗಿಯಿತು, ಇನ್ನು ದಪ್ಪನಾಗಿಯೇ ಹೇಳುತ್ತೇನೆ.

ಎಪ್ಪತ್ತೆರಡರ ಜುಲೈ. ಮೋರಗ್‌ಗೆ ಮೂರು ವರ್ಷ. ನಿನಗೆ ಊಟ ತಂದುಕೊಡಲು ಅವಳನ್ನೂ ಕರೆದುಕೊಂಡು ಸುರಂಗಕ್ಕೆ ಬಂದಿದ್ದೆ. ನೀನು ಗಾರೆಗೆ ನೀರು ತರಲು ಮೇಲೆ ಹೋಗಿದ್ದೆ. ಏಣಿ ಪೈಪಿಗೆ ಒರಗಿ ನಿಂತಿತ್ತು, ಎಲ್ಬೋ ಇನ್ನೂ ಹಸಿ. ನೀನು ವಾಪಸ್ ಬರುವಷ್ಟರಲ್ಲಿ ಮಗು ಏಣಿಯ ಬುಡದಲ್ಲಿ ನಿಂತು ಬಿಳಿಯಾದ ಅಂಗೈ ನೋಡಿಕೊಂಡು ನಗುತ್ತಿತ್ತು. ನೀನು ಮೇಲೆ ನೋಡಿದೆ, ಗುರುತು ಕಂಡಿತು. ನಿನ್ನ ಕೈಯಿಂದ ಬಕೆಟ್ ಜಾರಿ ನೀರೆಲ್ಲ ಚೆಲ್ಲಿತು.

“ಅಷ್ಟ್ ಮೇಲಕ್ಕೆ ಇವಳನ್ನ ಯಾರು ಹತ್ತಿಸಿದ್ದು?” ಅಂದೆ ನೀನು. “ಬಿದ್ದು ತಲೆ ಒಡೆದಿದ್ರೆ?”

“ಅವಳೇ ಹತ್ತಿದ್ಲು,” ಅಂದೆ ನಾನು. “ಏಣಿ ನಿಲ್ಲಿಸ್ಬಿಟ್ಟು ಹೋದ್ರೆ ಮಕ್ಕಳು ಹತ್ತದೆ ಬಿಡ್ತವಾ? ನಾನು ಹಿಂದೆ ತಿರುಗೋಷ್ಟರಲ್ಲಿ ಹತ್ತಿ ಇಳಿದೂ ಆಯ್ತು.”

ಅವಳು ಹತ್ತಲಿಲ್ಲ, ಮರ್ಡೋಕ್. ನಾನು ಎತ್ತಿದೆ. ಸೊಂಟದ ಮೇಲೆ ಕೂರಿಸಿಕೊಂಡು ಮೂರು ಮೆಟ್ಟಿಲು ಹತ್ತಿ, ಅವಳ ಬಲಗೈ ಬೆರಳು ಬಿಡಿಸಿ, ಅದರ ಮೇಲೆ ನನ್ನ ಕೈ ಇಟ್ಟು ಒತ್ತಿದೆ. ನೀನು ಬಂದು ನೋಡಿ ಖುಷಿಪಡುತ್ತೀಯ ಎಂದುಕೊಂಡಿದ್ದೆ. ಖುಷಿಯ ಬದಲು ನಿನ್ನ ಮುಖ ಬಿಳಿಚಿಕೊಂಡಾಗ ಹೆದರಿ ನಾಲಿಗೆ ಜಾರಿತು. ಸಂಜೆ ನಿಜ ಹೇಳಿ ನಗೋಣ ಎಂದುಕೊಂಡೆ. ಸಂಜೆ ನೀನು ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ, ನನಗೆ ಧೈರ್ಯ ಬರಲಿಲ್ಲ.

ಮರುದಿನದಿಂದ ನೀನು ಏಣಿ ಮಲಗಿಸಲು ಶುರು ಮಾಡಿದೆ. ನೀರಿಗೆ ಹೋದರೂ ಮಲಗಿಸು, ಸಿಗರೇಟಿಗೆ ಬೆಂಕಿ ಕಡ್ಡಿ ತರಲು ಹೋದರೂ ಮಲಗಿಸು. ಬೇರೆಯವರ ಏಣಿಯನ್ನೂ ಬಿಡಲಿಲ್ಲ. ಒಂದು ಸಲ ಫಾದರ್ ಚರ್ಚಿನ ಗಂಟೆಗೆ ಎಣ್ಣೆ ಹಾಕಲು ಮೇಲೆ ಹತ್ತಿದ್ದಾಗ ಕೆಳಗೆ ಬಂದ ನೀನು ಏಣಿ ಮಲಗಿಸಿ ಹೋಗಿ, ಆ ಪುಣ್ಯಾತ್ಮ ಎರಡು ಗಂಟೆ ಮೇಲೇ ಕೂತಿದ್ದರು. ಈ ಊರಿನಲ್ಲಿ ನಾಲ್ಕು ಜನ ಮರ್ಡೋಕ್ ಇದ್ದೀರಿ. ಕೆಂಪು ಮರ್ಡೋಕ್, ಪಿಟೀಲು ಮರ್ಡೋಕ್, ಸೇತುವೆ ಮರ್ಡೋಕ್. ಆ ದಿನದಿಂದ ನೀನು ಏಣಿ ಮಲಗಿಸುವ ಮರ್ಡೋಕ್. ಅಂಗಡಿಯಲ್ಲಿ ನನ್ನನ್ನೂ ‘ಏಣಿ ಎಫಿ’ ಎಂದು ಕರೆದರು. ಎಲ್ಲರೂ ನಕ್ಕರು, ನೀನೂ ನಕ್ಕೆ, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಿಜ ಹೇಳಿದರೆ ಇಷ್ಟು ಒಳ್ಳೆಯ ತಮಾಷೆ ಕೆಟ್ಟುಹೋಗುತ್ತದಲ್ಲ ಎಂದು ಸುಮ್ಮನಿದ್ದೆ. ಹದಿನಾಲ್ಕು ವರ್ಷ ಅದು ತಮಾಷೆಯಾಗಿಯೇ ಇತ್ತು.

ಎಂಬತ್ತಾರರ ನವೆಂಬರಿನಲ್ಲಿ ಶಾಲೆಯಿಂದ ಮನೆಮನೆಗೂ ಆ ನೋಟೀಸು ಬಂತು. ಪೈಪಿಗೆ ಮೆತ್ತಿದ್ದು ಕಲ್ನಾರು, ಅದರ ನಾರು ಎದೆಗೆ ಹೋದರೆ ಎಷ್ಟೋ ವರ್ಷದ ಮೇಲೆ ಕಾಯಿಲೆ ಬರಬಹುದು ಎಂದು. ನೀನು ಊಟದ ತಟ್ಟೆಯ ಮುಂದೆ ಅದನ್ನು ಎರಡು ಸಲ ಓದಿದೆ. ಮೋರಗ್ ಮೇಲೆ ಕೋಣೆಯಲ್ಲಿ ಹಾಡು ಹಾಕಿಕೊಂಡಿದ್ದಳು. “ಎಫಿ, ಅವತ್ತು ಮಗು ಆ ಗಾರೇಲಿ ಕೈ ಇಟ್ಟಿತ್ತಲ್ಲ...” ಎಂದು ನನ್ನ ಮುಖ ನೋಡಿದೆ. ನಿನ್ನ ದನಿ ಎಷ್ಟು ಸಣ್ಣಗಿತ್ತೆಂದರೆ ನನಗೆ ಇವತ್ತಿಗೂ ಕಿವಿಯಲ್ಲಿದೆ.

ಹೇಳಬೇಕಾಗಿದ್ದ ಹೊತ್ತು ಅದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ನನ್ನ ಹೆಗಲು ಮುಟ್ಟಿಕೊಳ್ಳುವ ಬದಲು ನಿನ್ನ ಹೆಗಲಿನ ಮೇಲೇ ಬೂದಿ ಸುರಿದೆ. “ನೀನು ಮುಟ್ಟಿದ್ದೆಲ್ಲ ವಿಷವೇ,” ಅಂದೆ. “ಏಣಿ ನಿಲ್ಲಿಸಿಟ್ಟು ಹೋದೋನು ನೀನು. ಮಗೂಗೆ ಏನಾದ್ರೂ ಆದ್ರೆ ನಿನ್ ಕೈಯಿಂದ್ಲೇ ಆಗಿದ್ದು.”

ನೀನು ಎದ್ದು ತಟ್ಟೆ ತೊಳೆದಿಟ್ಟೆ. ನನ್ನ ತಟ್ಟೆಯನ್ನೂ ತೊಳೆದೆ. ಆ ವಾರದ ಕೊನೆಗೆ ಅಲ್ಬರ್ಟಾಗೆ ಹೋಗುವವರ ಜೊತೆ ಹೊರಟೆ. ಇಲ್ಲಿ ಕೆಲಸವಿಲ್ಲ, ಅಲ್ಲಿದೆ ಎಂದೆ. ಊರಿನ ಅರ್ಧ ಗಂಡಸರು ಹಾಗೇ ಹೋಗಿದ್ದರು, ಯಾರಿಗೂ ಅನುಮಾನ ಬರಲಿಲ್ಲ. ಹೊರಡುವಾಗ ಮೋರಗ್‌ಳನ್ನು ಅಪ್ಪಿಕೊಳ್ಳಲು ಎತ್ತಿದ ಕೈ ಅರ್ಧದಲ್ಲೇ ಇಳಿಸಿದೆ. ಅದನ್ನು ಬಾಗಿಲಲ್ಲಿ ನಿಂತು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಸರಿ. ಆಡದೆ ಉಳಿದ ಮಾತಿನಿಂದಲೂ ಅಷ್ಟೇ ಹೋಗುತ್ತದೆ.

ಈ ಕೆಲಸಕ್ಕೆ ಸೇರಿದಾಗ ಕೂಲಿ ಚೆನ್ನಾಗಿದೆ, ಅದಕ್ಕೇ ಎಂದು ಎಲ್ಲರಿಗೂ ಹೇಳಿದೆ. ಎಂದಾದರೂ ಒಂದು ದಿನ ಆ ಸುರಂಗದ ಸರದಿ ಬರುತ್ತದೆ, ಆಗ ಬೇರೆ ಯಾರೂ ಆ ಕೈಗುರುತನ್ನು ಮೊದಲು ನೋಡಬಾರದು ಎಂಬುದು ನಿಜ. ತರಬೇತಿಯ ಮೊದಲ ದಿನವೇ ಅವರು ಹೇಳಿದ್ದು, ಹಸಿಯಾಗಿರುವಾಗ ನಾರು ಏಳುವುದಿಲ್ಲ, ಒಣಗಿ ಪುಡಿಯಾದಾಗ ಹೆದರಬೇಕು ಎಂದು. ಅದನ್ನು ಕೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅವತ್ತೇ ನಿನಗೆ ಫೋನು ಮಾಡಿ ಹೇಳಬಹುದಿತ್ತು. ಅದನ್ನು ಹೇಳಿದರೆ ಇದನ್ನೂ ಹೇಳಬೇಕಾಗುತ್ತದೆ ಎಂದು ಮಾಡಲಿಲ್ಲ. ನಿನ್ನ ಹೆಂಡತಿ ಇಷ್ಟು ಹೇಡಿ.

ಆ ಎಲ್ಬೋಗೆ ನಾನು ನೀಲಿ ಬಿಳಿ ಹೊಡೆಯಲಿಲ್ಲ. ನಮ್ಮ ಹತ್ತಿರ ಇನ್ನೊಂದು ಬಗೆಯ ಲೇಪವಿದೆ, ನೀರಿನಂತೆ ತಿಳಿ. ಅದು ಮೇಲೆ ಪದರವಾಗಿ ಕೂರದೆ ಒಳಗೆ ಇಳಿದು ನಾರುಗಳನ್ನು ಒಂದಕ್ಕೊಂದು ಅಂಟಿಸಿ ಗಟ್ಟಿ ಮಾಡುತ್ತದೆ. ಬಣ್ಣವಿಲ್ಲ, ಒಣಗಿದ ಮೇಲೂ ಒಳಗಿನದು ಕಾಣುತ್ತದೆ. ಅದನ್ನೇ ಮೂರು ಸಲ ಕುಡಿಸಿದೆ. ಗುರುವಾರ ಪೆಟಿಪಾ ಬಂದವನು ಟಾರ್ಚು ಅಲ್ಲೇ ನಿಲ್ಲಿಸಿದ. ಮುಖವಾಡ ತೆಗೆಯುವ ಕೋಣೆಗೆ ಬಂದ ಮೇಲೆ ಕೇಳಿದ, “ಅರವತ್ತೆರಡು ಬಿಳಿ, ಒಂದು ಮಾತ್ರ ಬರಿಮೈ. ಏನಮ್ಮ ಇದು?”

“ಬರಿಮೈ ಅಲ್ಲ, ತಿಳಿ ಕೋಟ್. ನಿಯಮದಲ್ಲಿ ಇದೆ, ನೋಡ್ಕೊಳಿ,” ಅಂದೆ.

“ನಿಯಮ ನಂಗೊತ್ತು. ಯಾಕೆ ಅಂತ ಕೇಳ್ದೆ.”

ನಾನು ಮುಖವಾಡದ ಗಾಜು ಒರೆಸತೊಡಗಿದೆ. ಡೂಗಲ್ಡ್ ಜೋಳಿಗೆಯಲ್ಲಿ ಏನೋ ಹುಡುಕುವವನ ಹಾಗೆ ತಲೆ ತಗ್ಗಿಸಿದ. ಪೆಟಿಪಾಗೂ ಮಕ್ಕಳಿದ್ದಾರೆ. “ಪುಟ್ಟ ಕೈ,” ಎಂದಷ್ಟೇ ಅಂದು ಸಹಿ ಹಾಕಿದ.

ಇದೇ ತಿಂಗಳ ಇಪ್ಪತ್ತೇಳನೇ ತಾರೀಖು, ಶುಕ್ರವಾರ, ಕೊನೆಯ ಸಲ ಗಾಳಿ ಪರೀಕ್ಷೆ. ಅದಾದ ಮೇಲೆ ಬಾಗಿಲಿಗೆ ಬೀಗ, ಬೀಗದ ಮೇಲೆ ‘ಮುಟ್ಟಬೇಡಿ’ ಎಂಬ ಹಳದಿ ಚೀಟಿ. ಆಮೇಲೆ ಅಪ್ಪಣೆಯಿಲ್ಲದೆ ಯಾರೂ ಒಳಗೆ ಹೋಗುವ ಹಾಗಿಲ್ಲ, ಮೆತ್ತಿದವನೂ ಇಲ್ಲ, ಮುಚ್ಚಿದವಳೂ ಇಲ್ಲ. ಅಷ್ಟರೊಳಗೆ ನೀನು ಬಂದು ಅದನ್ನು ಒಂದು ಸಲ ನೋಡಬೇಕು. ಇಂಥ ಎತ್ತರಕ್ಕೆ ಮೂರು ವರ್ಷದ ಮಗು ಒಂದೇ ಹತ್ತಿ, ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದನ್ನು ಅಷ್ಟು ನೆಟ್ಟಗೆ ಒತ್ತಿ ಇಳಿಯಲು ಸಾಧ್ಯವೇ ಇಲ್ಲ ಎಂದು ನಿನ್ನ ಕಣ್ಣಿನಿಂದಲೇ ನೋಡಬೇಕು. ಕೆಲಸ ಬಲ್ಲವನು ನೀನು. ಆಗಲೇ ಒಂದು ಸಲ ತಲೆ ಎತ್ತಿ ಸರಿಯಾಗಿ ನೋಡಿದ್ದರೆ ನನ್ನ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು. ನೀನು ನೋಡಲಿಲ್ಲ, ಏಕೆಂದರೆ ನನ್ನ ಮಾತನ್ನು ನಂಬಿದೆ.

ಇದನ್ನು ಹೊಟ್ಟೆಗೆ ಹಾಕಿಕೊ ಎಂದು ಕೇಳುವ ಮುಖ ನನಗಿಲ್ಲ. ಬಂದು ಬೈಯಿ. ಸೇಡಿಗೆ ಕೇಳುವಷ್ಟು ಜೋರಾಗಿ ಬೈಯಿ. ನೋಡಿಕೊಂಡು ಅದೇ ಬಸ್ಸಿನಲ್ಲಿ ವಾಪಸ್ ಹೋಗುವುದಾದರೂ ಬುತ್ತಿಗೆ ಓಟ್ಸ್ ರೊಟ್ಟಿ ಕಟ್ಟಿಕೊಡುತ್ತೇನೆ, ಕರಕಲು ಅಂಚಿನದೇ. ಅಲ್ಲಿಂದ ರಜೆಗೆ ಬಂದಿದ್ದ ಡೂಗಲ್ಡ್‌ನ ಅಳಿಯ ನಿನಗೆ ಕೆಮ್ಮು ಬಿಟ್ಟಿಲ್ಲ ಎಂದ. ಎಕ್ಸ್‌ರೇ ತೆಗೆಸಿದೆಯಾ? ತೆಗೆಸಿರುವುದಿಲ್ಲ. ನನಗೆ ಭಯವಾಗುತ್ತಿದೆ, ಮರ್ಡೋಕ್. ಮೈನಸ್ ಎಷ್ಟು ಎಂದು ಬರೆಯುವ ಜಾಗದಲ್ಲಿ ಈ ಸಲ ಎದೆ ಹೇಗಿದೆ ಎಂದು ಬರೆ. ಬರೆಯುವುದಕ್ಕಿಂತ ಬಂದು ಹೇಳು. ಒಬ್ಬಳೇ ಕೂತು ನಿನ್ನ ಕುರ್ಚಿಯನ್ನು ನೋಡಿ ನೋಡಿ ಸಾಕಾಗಿದೆ.

ನೀನು ಮುಟ್ಟಿದ್ದು ಯಾವುದೂ ವಿಷವಾಗಿರಲಿಲ್ಲ. ನಾನು ಆಡಿದ್ದು ಆಗಿತ್ತು.

ಇಂದಿಗೂ ನಿನ್ನ ಹೆಂಡತಿಯೇ ಆಗಿರುವ,
ಎಫಿ

ಮರೆತ ಮಾತು: ಮೊನ್ನೆ ಶುಕ್ರವಾರ ಸಾಮಾನು ಕಟ್ಟುವಾಗ ಡೂಗಲ್ಡ್, “ಆ ಮೂಲೆ ಏಣಿ ತೆಗೀಲಾ?” ಎಂದ. ಬೇಡ, ಆ ಎಲ್ಬೋದ ಕೆಳಗೇ ನಿಂತಿರಲಿ ಎಂದೆ. “ನಿಂತಿರೋ ಏಣಿ ಮರ್ಡೋಕ್ ನೋಡಿದ್ರೆ ಸುಮ್ನೆ ಬಿಡ್ತಾನಾ?” ಎಂದ. ಅದನ್ನು ನಿಲ್ಲಿಸಿದವಳು ನಾನು, ಅವನು ಬಂದು ಮಲಗಿಸಲಿ ಎಂದೆ.